ಓಣಿಯಲ್ಲಿ ಹಿಡಿಸದ ಹಡಗು

“ಅಲ್ಲಪಾ, ಹೋದ ಸಲ ನಿನ್ನ ಹಡಗು ನಮ್ಮ ಬಾಗಿಲಿಂದ ಹಿಟ್ಟಿನ ಗಿರಣಿ ತನಕ ಇತ್ತು. ಈಗ ಸಾಲಿ ತನಕ ಹೆಂಗ ಬಂತು?”

ಹುಡುಗಿಯ ಅಜ್ಜಿ ಹೀಗೆ ಕೇಳಿದ್ದೇ, ಉದ್ದ ತೋರಿಸಲು ಚಾಚಿದ್ದ ವಿರೂಪಾಕ್ಷನ ಕೈ ಗಾಳಿಯಲ್ಲೇ ನಿಂತಿತು. ಪ್ರವಾಸಿ ಹಡಗಿನಲ್ಲಿ ಅಡುಗೆ ಕೆಲಸ ಮಾಡುವ ಅವನು ನನ್ನ ಚಿಕ್ಕಪ್ಪನ ಮಗ. ಅವನಿಗೆ ಹೆಣ್ಣು ನೋಡಲು ಸಿರುಗುಪ್ಪದಿಂದ ಕುರುಗೋಡಿಗೆ ಬಂದಿದ್ದೆವು. ಕೆಲವು ವರ್ಷಗಳ ಹಿಂದೆ ನಾವಿಬ್ಬರೂ ಇದೇ ಓಣಿಯ ಮದುವೆಗೆ ಬಂದಾಗಲೂ ಅವನು ಅಜ್ಜಿಯ ಮನೆಯ ಇದೇ ಕಟ್ಟೆಯ ಮೇಲೆ ಕುಳಿತು ಹಡಗಿನ ಉದ್ದ ತೋರಿಸಿದ್ದ.

“ನೀನೂ ಇದ್ದೆಲ್ಲವ್ವಾ, ಹೇಳು,” ಎಂದು ಅಜ್ಜಿ ನನ್ನತ್ತ ತಿರುಗಿದರು. ನನಗೂ ಗಿರಣಿಯೇ ನೆನಪಾಯಿತು. ಆದರೆ ಅದು ಅಂದಿನ ನೆನಪೋ, ಅಜ್ಜಿಯ ಮಾತಿನಿಂದ ಈಗಷ್ಟೇ ಹುಟ್ಟಿದ್ದೋ ತಿಳಿಯಲಿಲ್ಲ. ಸುಳ್ಳುಗಾರನಿಗೆ ಯಾರು ಹೆಣ್ಣು ಕೊಡುತ್ತಾರೆ? ಉತ್ತರ ನೀನೇ ಹೇಳು ಎಂಬಂತೆ ತಮ್ಮನತ್ತ ನೋಡಿದೆ.

ವಿರೂಪಾಕ್ಷ ಬೆವರೊರೆಸಿಕೊಂಡ. “ಅದು ಹಳೇ ಹಡಗು ರೀ ಅಜ್ಜಿ. ಈಗ ನಾ ಇರೋದು ಹೊಸಾದ್ರಾಗ. ಕಂಪನಿಯೋರು ಹೊಸಾದು ಕಟ್ಟಿದಾಗೆಲ್ಲ ಮೊದಲಿಂದಕ್ಕಿಂತ ದೊಡ್ಡದು ಕಟ್ತಾರ. ಮುಂದಿನ ವರ್ಷ ಬರೋದು ಇನ್ನೂ ದೊಡ್ಡದು ಐತಿ.”

ಅಜ್ಜಿ ಓಣಿಯ ತುದಿಯತ್ತ ನೋಡಿದರು. ಶಾಲೆಯ ಆಚೆಗೆ ಬರೀ ಮೆಣಸಿನಕಾಯಿ ಹೊಲ.

“ಹಂಗಾದ್ರ ಈ ವರ್ಷನ ಮದುವಿ ಮಾಡಿಬಿಡ್ರಿ. ಮುಂದಿನ ಹಡಗು ನಮ್ಮ ಓಣ್ಯಾಗ ಹಿಡಿಸಂಗಿಲ್ಲ!”

ಒಳಗಿನಿಂದ ಹುಡುಗಿ ನಕ್ಕದ್ದು ಕೇಳಿಸಿತು.

ಮದುವೆಯಾಯಿತು. ಹಡಗುಗಳು ನಿಜಕ್ಕೂ ಬೆಳೆಯುತ್ತಿವೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಗಿರಣಿಯ ನೆನಪು ನನ್ನದೋ ಅಜ್ಜಿಯದೋ ಎಂಬುದು ಮಾತ್ರ ಇನ್ನೂ ಗೊತ್ತಾಗಿಲ್ಲ. ಆ ಓಣಿಗೆ ಹೋದಾಗಲೆಲ್ಲ ಗಿರಣಿಯ ಮುಂದೆ ಒಂದು ಗಳಿಗೆ ನಿಂತು, ನಗುತ್ತಾ ಮುಂದೆ ಹೋಗುತ್ತೇನೆ.