ದಂಡದ ಮೇಕೆ

ಬಸುರಿಯರನ್ನು ಕಂಡರೆ ಸಾಕು, ಫಲೆಸಿ ಅಜ್ಜಿಗೆ ಮೊಣಕಾಲು ನೋಯತೊಡಗುತ್ತಿತ್ತು. ಒಂದು ಕಾಲಕ್ಕೆ ರುವೊ ನದಿಯ ಈಚೆ ದಡದ ಅರ್ಧ ಊರು ಹುಟ್ಟಿದ್ದೇ ಅವಳ ಗುಡಿಸಲಿನಲ್ಲಿ. ಆಮೇಲೆ ಸರಕಾರದವರು ಬಂದು, ಇನ್ನು ಮನೆಯಲ್ಲಿ ಹೆರಿಗೆ ಮಾಡಿಸಕೂಡದು, ಹೆಂಗಸರನ್ನು ಆಸ್ಪತ್ರೆಗೆ ಕರೆದೊಯ್ಯುವುದಷ್ಟೇ ನಿನ್ನ ಕೆಲಸ ಎಂದರು. ಆಸ್ಪತ್ರೆಯ ಹೊರಗೆ ಹೆರಿಗೆಯಾದರೆ ಆ ಮನೆಯವರಿಗೆ ಒಂದು ಮೇಕೆ ದಂಡ ಎಂದು ಊರ ಯಜಮಾನ ಕಟ್ಟಳೆ ಮಾಡಿದ. ಯಜಮಾನನೆಂದರೆ ಬೇರೆ ಯಾರೂ ಅಲ್ಲ, ಅವಳೇ ಎತ್ತಿ ಆಡಿಸಿದ ತಮ್ಮ ಲೊಂಡೊಲಾ.

ಹೇಳುವವರಿಗೇನು, ನಡೆಯುವವರಿಗಲ್ಲವೇ ಗೊತ್ತು! ಆಸ್ಪತ್ರೆ ಇದ್ದದ್ದು ನದಿಯ ಆಚೆ. ಸೇತುವೆ ಕೊಚ್ಚಿಹೋಗಿ ವರ್ಷಗಳೇ ಆಗಿದ್ದವು. ಮಳೆಗಾಲದಲ್ಲಿ ದೋಣಿಯ ಪುಣ್ಯಾತ್ಮ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಹೇಗೋ ತಲುಪಿದರೆ, ಇಷ್ಟು ತಡವಾಗಿ ಕರೆತಂದೆಯಾ ಎಂದು ನರ್ಸಮ್ಮ ರೇಗುವಳು. ಫಲೆಸಿ ಬೈಸಿಕೊಂಡು, ಆಸ್ಪತ್ರೆಯ ಅಂಗಳದಲ್ಲಿ ಮೆಕ್ಕೆಜೋಳದ ಮುದ್ದೆ ಬೇಯಿಸುತ್ತ ಕಾಯುವಳು.

ಆ ಮಳೆಗಾಲ ಸ್ವಂತ ಮೊಮ್ಮಗಳು ಎಸ್ನಾತಿಯ ಸರದಿ. ನದಿ ಉಕ್ಕಿತ್ತು, ದೋಣಿಯ ಸುಳಿವಿಲ್ಲ. ದಡದ ಹುಲ್ಲಿನ ಮೇಲೆಯೇ ಹೆರಿಗೆಯಾಯಿತು. ಕೂಸು ಅಳಲಿಲ್ಲ. ಫಲೆಸಿ ಬೆನ್ನು ಉಜ್ಜಿದಳು, ಬಾಯಿಗೆ ಊದಿದಳು, ದೇವರನ್ನು ಕರೆದಳು. ಅಳಲೇ ಇಲ್ಲ. ಅಂಥ ಕೂಸಿಗೆ ಆ ಸೀಮೆಯಲ್ಲಿ ಹೆಸರಿಲ್ಲ, ಸೂತಕವಿಲ್ಲ. ಗಂಡಸರು ಮಣ್ಣಿಗೆ ಬರುವುದಿಲ್ಲ, ಹೆತ್ತವಳು ಗಟ್ಟಿಯಾಗಿ ಅಳುವಂತೆಯೂ ಇಲ್ಲ. ಮುದುಕಿಯರಿಬ್ಬರು ಹೋಗಿ ಮಣ್ಣು ಮುಚ್ಚಿ ಬಂದರು.

ಮಳೆ ನಿಂತ ಮೇಲೆ ಜೋಂಬಾ ಪಟ್ಟಣದಿಂದ ತಮಾಂಡ ಬರುವವಳಿದ್ದಳು. ಎಷ್ಟು ಹೆರಿಗೆ, ಎಲ್ಲೆಲ್ಲಿ, ಯಾರು ಉಳಿದರು ಎಂದು ವರ್ಷವರ್ಷವೂ ಊರೂರಲ್ಲಿ ವಿಚಾರಿಸುವ ಸಂಶೋಧಕಿ. ಹೊರಗೆ ಒಂದೂ ಹೆರಿಗೆಯಾಗದ ಊರು ಎಂದು ಹಿಂದಿನ ವರ್ಷ ಅವಳ ಲೆಕ್ಕ ನೋಡಿ ಸರಕಾರದವರು ಲೊಂಡೊಲಾನಿಗೆ ಎಲ್ಲರೆದುರು ಸೈಕಲ್ ಬಹುಮಾನ ಕೊಟ್ಟಿದ್ದರು. ತಮಾಂಡ ಬರುವ ಮುನ್ನಾದಿನ ಸಂಜೆ ಅವನು ಅದೇ ಸೈಕಲ್ಲೇರಿ ಅಕ್ಕನ ಮನೆಗೆ ಬಂದ.

"ಅಕ್ಕಾ, ನಾಳೆ ಆ ಮಾತು ಎತ್ಬೇಡ."

"ಯಾವ ಮಾತೋ?"

"ಗೊತ್ತಿದ್ದೂ ಕೇಳ್ತೀಯಲ್ಲ! ಯಾರೂ ನೋಡ್ಲಿಲ್ಲ, ಯಾರೂ ಅಳ್ಲಿಲ್ಲ. ಎಸ್ನಾತಿ ಈ ವರ್ಷ ಹೆರ್ಲೇ ಇಲ್ಲ ಅಂದ್ರಾಯ್ತು. ನಿಂಗಿರೋದೇ ಒಂದು ಮೇಕೆ, ಅದೂ ಉಳಿಯುತ್ತೆ, ಊರ ಮರ್ಯಾದೇನೂ ಉಳಿಯುತ್ತೆ."

"ನಿನ್ ಸೈಕಲ್ಲೂ."

"ಥೂ, ನಿನ್ನ ಬಾಯಿಗಿಷ್ಟು!"

"ಹೋದ್ವರ್ಷ ಮೇಲಿನೋರು ಏನಂದ್ರು? ಈ ಕಡೆ ಹೆಂಗಸ್ರು ಸಲೀಸಾಗಿ ಆಸ್ಪತ್ರೆ ಸೇರ್ತಾರೆ, ಸೇತುವೆಗೇನು ಅವಸರ ಅಂದ್ರು. ಅವರಿಗೆ ಹಂಗೆ ಹೇಳಿದ್ದು ನಾವೇ ತಾನೇ?"

ಲೊಂಡೊಲಾ ಸೈಕಲ್ಲಿನ ಗಂಟೆ ಒರೆಸುತ್ತ ನಿಂತ.

"ಆ ಕೂಸು ಈ ಕೈಯಲ್ಲಿತ್ತು ಕಣೋ," ಎಂದಳು ಫಲೆಸಿ. "ಇರ್ಲೇ ಇಲ್ಲ ಅಂತ ಹೆಂಗೆ ಹೇಳ್ಲಿ? ನಂಗೆ ಸಾಕಾಗಿದೆ. ನಡೆದೂ ಸಾಕಾಗಿದೆ, ಮುಚ್ಚಿಟ್ಟೂ ಸಾಕಾಗಿದೆ. ಹೋಗು, ಮಲ್ಕೊ ಹೋಗು."

ಮರುದಿನ ಮಾವಿನ ಮರದ ಕೆಳಗೆ ಊರು ಸೇರಿತು. ತಮಾಂಡ ಇನ್ನೂ ಬಾಯಿ ತೆರೆದಿರಲಿಲ್ಲ, ಫಲೆಸಿ ಕುಂಟುತ್ತ ಬಂದಳು. ಹಿಂದೆ ಹಗ್ಗ ಜಗ್ಗುತ್ತ ಅವಳ ಮೇಕೆ. ಎಲ್ಲರೂ ನೋಡುತ್ತಿದ್ದಂತೆ ಅದನ್ನು ಯಜಮಾನನ ಸೈಕಲ್ಲಿಗೇ ಕಟ್ಟಿ, ಉಸ್ಸೆಂದು ಕೂತಳು.

"ಇದೇನಜ್ಜಿ?" ಎಂದಳು ತಮಾಂಡ.

"ದಂಡ. ನನ್ ಮೊಮ್ಮಗಳು ನದಿ ದಡದಲ್ಲಿ ಹೆತ್ಲು. ಗಂಡು ಕೂಸು. ಉಳೀಲಿಲ್ಲ. ಬರ್ಕೊಳಮ್ಮ."

ಹೆಂಗಸರ ಸಾಲಿನ ಕೊನೆಯಲ್ಲಿ ಎಸ್ನಾತಿ ಗಟ್ಟಿಯಾಗಿ ಅಳತೊಡಗಿದಳು. ಸುಮ್ಮನಿರು ಎಂದು ಅವಳಿಗೆ ಯಾರೂ ಅನ್ನಲಿಲ್ಲ.