ಸ್ಪ್ಯಾಮ್‌ಗೆ ಬಿದ್ದ ನರಸೀಪುರದ ಸುದ್ದಿ

ನಂಜನಗೂಡಿನ ಸಣ್ಣ ಪತ್ರಿಕೆಯೊಂದಕ್ಕೆ ನಾನು ತಿ. ನರಸೀಪುರದ ವರದಿಗಾರನಾಗಿದ್ದೆ. ಸುದ್ದಿ ಮೇಲ್‌ನಲ್ಲೇ ಬರಬೇಕೆಂಬುದು ಸಂಪಾದಕರ ಕಟ್ಟಪ್ಪಣೆ. ಪುಟದಲ್ಲಿ ಜಾಗ ಸಿಗಲೆಂದು ಪ್ರತಿ ವರದಿಗೂ ‘ತುರ್ತು! ತುರ್ತು!’ ಎಂದು ಶೀರ್ಷಿಕೆ ಕೊಡುವುದು ನನ್ನ ರೂಢಿ. ಕಚೇರಿಯ ಸರ್ವರ್ ಅವನ್ನೆಲ್ಲ ಕಸದ ಮೇಲ್‌ಗಳೆಂದು ಸ್ಪ್ಯಾಮ್‌ಗೆ ತಳ್ಳತೊಡಗಿತು.

‘ದಿನಾ ಕಸದಲ್ಲಿ ಕೈಯಾಡಿಸಕ್ಕಾಗಲ್ಲ ಕಣ್ರೀ. ಇವತ್ತು ಪುಟ ಮುಗಿಯೋದ್ರೊಳಗೆ ನೆಟ್ಟಗೆ ಬರದಿದ್ರೆ ನರಸೀಪುರಾನೂ ಬನ್ನೂರಿನ ವರದಿಗಾರರೇ ನೋಡ್ಕೋತಾರೆ’ ಎಂದರು ಸಂಪಾದಕರು ಫೋನಿನಲ್ಲಿ. ನನಗಿದ್ದದ್ದು ಅದೊಂದೇ ಕೆಲಸ. ಬಸ್ಸು ಹತ್ತಿ ನಂಜನಗೂಡಿಗೆ ಹೋದೆ.

ಸರ್ವರ್ ನೋಡಿಕೊಳ್ಳುವವರು ನನ್ನ ಹಳೆಯ ವರದಿಗಳನ್ನು ಸ್ಪ್ಯಾಮ್ ಸೋಸುವ ಫಿಲ್ಟರ್‌ಗೆ ಉಣಿಸಿ, ಇವು ಒಳ್ಳೆಯ ಮೇಲ್‌ಗಳು ಎಂದು ಕಲಿಸುತ್ತಿದ್ದರು. ನಾನು ಪಕ್ಕದಲ್ಲೇ ನಿಂತು ಮೊಬೈಲಿನಿಂದ ವರದಿ ಕಳಿಸಿದೆ. ಸ್ಪ್ಯಾಮ್. ಮತ್ತೆ ಕಲಿಸಿದರು, ಮತ್ತೆ ಕಳಿಸಿದೆ. ಸ್ಪ್ಯಾಮ್.

‘ನಿನ್ನೆಯಿಂದ ಕಲಿಸ್ತಾನೇ ಇವ್ನಿ ಸಾ’ ಎಂದರು.

‘ಎಮ್ಮೆಗಾದ್ರೂ ಇಷ್ಟೊತ್ತಿಗೆ ಓದೋಕೆ ಬಂದಿರೋದು ಕಣಯ್ಯಾ!’ ಎಂದೆ.

ಅವರು ನಗಲಿಲ್ಲ. ಸರ್ವರ್ ಮಾಡಿದ್ದೆಲ್ಲ ದಾಖಲಾಗುವ ಲಾಗ್ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು: ಅನುಮತಿ ಇಲ್ಲ. ಕಚೇರಿಯಲ್ಲಿ ಎಲ್ಲರೂ ಅಡ್ಮಿನ್ ಪಾಸ್‌ವರ್ಡ್‌ನಲ್ಲೇ ಕೆಲಸ ಮಾಡುವುದು ವಾಡಿಕೆ. ಕಲಿಸಿದ್ದೂ ಹಾಗೆಯೇ. ಕಲಿತದ್ದು ಬರೆದಿಟ್ಟ ಫೈಲ್ ಅಡ್ಮಿನ್‌ನ ಸ್ವತ್ತಾಗಿತ್ತು. ಬೇರೆ ಹೆಸರಿನಲ್ಲಿ ಓಡುವ ಫಿಲ್ಟರ್‌ಗೆ ಅದನ್ನು ತೆರೆಯುವ ಹಕ್ಕೇ ಇರಲಿಲ್ಲ.

ಫೈಲನ್ನು ಫಿಲ್ಟರ್‌ನ ಹೆಸರಿಗೆ ಮಾಡಿದರು. ಕಳಿಸಿದೆ. ಇನ್‌ಬಾಕ್ಸ್‌ಗೆ ಬಂತು.

ಓಡಿಹೋಗಿ ಸಂಪಾದಕರಿಗೆ ಹೇಳಿದೆ. ಅವರು ಮುದ್ರಣಕ್ಕೆ ಹೊರಟಿದ್ದ ಪುಟವನ್ನು ತಿರುಗಿಸಿ ತೋರಿಸಿದರು. ನರಸೀಪುರದ ಸುದ್ದಿ ಅದರಲ್ಲಿತ್ತು. ಬರೆದವರು ಬನ್ನೂರಿನವರು.