ಆಯಮ್ಮ ತೊಳೆದ ನೆಲ

ಆಯಮ್ಮ ಆ ಶಾಲೆಗೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಬೆಳಿಗ್ಗೆ ಏಳಕ್ಕೆ ಬಂದು ಎಂಟು ಕೋಣೆ ಗುಡಿಸಿ, ಕುಡಿಯುವ ನೀರಿನ ಡ್ರಮ್ ತುಂಬಿಸಿ, ಆಮೇಲೆ ಕಟ್ಟಡದ ಹಿಂದಿನ ಹೆಣ್ಣುಮಕ್ಕಳ ಶೌಚಾಲಯಕ್ಕೆ ಕೈಹಾಕುತ್ತಿದ್ದಳು. ಅಲ್ಲಿದ್ದದ್ದು ನಾಲ್ಕು ಬಾಗಿಲು, ಒಂದು ನಲ್ಲಿ. ಹುಡುಗಿಯರು ಇನ್ನೂರು ಜನ. ಹತ್ತು ಗಂಟೆ ದಾಟಿದರೆ ನಲ್ಲಿಯಲ್ಲಿ ಗಾಳಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಎರಡನೇ ಸಲ ತೊಳೆಯಬೇಕಾದರೆ ಮುಂಬಾಗಿಲ ತೊಟ್ಟಿಯಿಂದ ಕೊಡದಲ್ಲಿ ಹೊರಬೇಕು. ಸಂಜೆ ಮನೆಗೆ ಹೋದವಳೇ ನೆಲದ ಮೇಲೆ ಬೋರಲು ಬೀಳುತ್ತಿದ್ದಳು. ಮೊಮ್ಮಗಳು ಅವಳ ಬೆನ್ನ ಮೇಲೆ ಹತ್ತಿ, ಗೋಡೆ ಹಿಡಿದುಕೊಂಡು, ಪುಟ್ಟ ಪಾದಗಳಿಂದ ಸೊಂಟ ತುಳಿಯುತ್ತಿದ್ದಳು.

"ಅಲ್ಲೇ, ಅಲ್ಲೇ ಮರಿ. ಒಬ್ಬಳು ಒಳಗೆ ಹೋಗಿ ಬಂದ್ರೂ ಪೂರ್ತಿ ಮತ್ತೆ ತೊಳೀಬೇಕು ಕಣೇ. ಈ ಸೊಂಟ ಇನ್ನೆಷ್ಟು ದಿನ ಬಾಳುತ್ತೋ" ಎಂದು ಆಯಮ್ಮ ನರಳುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಇಲಾಖೆಯವರು ಆರೋಗ್ಯವಂತ ಶಾಲೆಗೆ ಬಹುಮಾನ ಘೋಷಿಸಿದರು. ಸೋಮವಾರ ಉಗುರು ನೋಡಬೇಕು. ಪ್ರಾರ್ಥನೆಯ ನಂತರ ಕವಾಯತು ಆಗಬೇಕು. ದಿನಕ್ಕೆ ಮೂರು ಸಲ ನೀರಿನ ಬೆಲ್ ಹೊಡೆದು ಮಕ್ಕಳಿಗೆ ನೀರು ಕುಡಿಸಬೇಕು. ಹೆಚ್ಚು ಅಂಕ ಇದ್ದದ್ದು ಶೌಚಾಲಯಕ್ಕೆ. ಹೆಡ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಅದೊಂದ್ರಲ್ಲೇ ನಾವು ಸೋಲೋದು ಆಯಮ್ಮ" ಎಂದರು.

"ಯಾಕೆ ಸೋಲ್ತೀವಿ ಮೇಡಂ? ಬೆಳಿಗ್ಗೆ ತೊಳೆದು ಬೀಗ ಹಾಕಿಬಿಡ್ತೀನಿ. ತೀರಾ ತಡೆಯೋಕಾಗಲ್ಲ ಅನ್ನೋರು ನನ್ನ ಹತ್ರ ಬಂದು ಕೇಳ್ಲಿ."

"ನಿಮ್ಮನ್ನ ಈ ಕುರ್ಚಿ ಮೇಲೆ ಕೂರಿಸಿ ನಾನು ಪೊರಕೆ ಹಿಡೀಬೇಕಿತ್ತು" ಎಂದು ಮೇಡಂ ನಕ್ಕರು.

ಆ ವರ್ಷ ಮೊದಲ ಬಹುಮಾನ ಬಂತು. ಪರಿಶೀಲನೆಗೆ ಬಂದವರಲ್ಲಿ ಒಬ್ಬರು ಬಿಳಿ ನೆಲ ನೋಡಿ, "ಇಲ್ಲೇ ಎಲೆ ಹಾಕಿ ಊಟ ಬಡಿಸಬಹುದಲ್ರೀ" ಎಂದಿದ್ದರು. ಆಯಮ್ಮ ಆ ಮಾತನ್ನು ಬೀದಿಯವರಿಗೆಲ್ಲ ಹೇಳಿ ಮುಗಿಸಿ, ಹೇಳಿದವರಿಗೇ ಮತ್ತೆ ಹೇಳಿದಳು. ಬಹುಮಾನ ಬಂದ ಮೇಲೂ ಬೀಗ ಹಾಗೇ ಉಳಿಯಿತು. ತೆಗೆಯಿರೆಂದು ಕೇಳಿ ಬಂದವರು ವಾರಕ್ಕೆ ಒಬ್ಬರೋ ಇಬ್ಬರೋ. ಈಗಿನ ಮಕ್ಕಳು ಜಾಣರು, ಎಲ್ಲ ಮನೆಯಲ್ಲೇ ಮುಗಿಸಿಕೊಂಡು ಬರುತ್ತಾರೆ ಎಂದುಕೊಂಡಳು. ಹಾಗೆ ಅಂದುಕೊಳ್ಳುವುದು ಸೊಂಟಕ್ಕೂ ಹಿತವಾಗಿತ್ತು.

ಮೊಮ್ಮಗಳು ಈಗ ಅದೇ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಬಂದಿದ್ದಳು. ಈ ವರ್ಷ ಅವಳಿಗೆ ಎರಡು ಸಲ ಚಳಿಜ್ವರ ಬಂದು ಮಾತ್ರೆಗೆ ಇಳಿಯಿತು. ಮೂರನೇ ಸಲ ಇಳಿಯಲಿಲ್ಲ. ಪಕ್ಕೆ ಹಿಡಿದುಕೊಂಡು ಮುದುರಿ ಮಲಗಿದವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮಂಚದ ಒಂದು ಬದಿಯಲ್ಲಿ ಆಯಮ್ಮ, ಇನ್ನೊಂದು ಬದಿಯಲ್ಲಿ ಗಾರ್ಮೆಂಟ್ಸ್‌ಗೆ ರಜೆ ಹಾಕಿ ಬಂದ ಅವಳ ಮಗಳು, ಹುಡುಗಿಯ ತಾಯಿ. ಡಾಕ್ಟರಮ್ಮ ಹುಡುಗಿಯನ್ನೇ ಕೇಳಿದರು.

"ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗ್ತೀಯ ಪುಟ್ಟ?"

"ಬೆಳಿಗ್ಗೆ ಒಂದ್ಸಲ. ಶಾಲೆಯಿಂದ ಬಂದ್ಮೇಲೆ ಒಂದ್ಸಲ."

"ಶಾಲೇಲಿ ನೀರು ಕುಡಿಯಲ್ವಾ?"

"ಬೆಲ್ ಹೊಡೆದಾಗ ಎಲ್ರೂ ಬಾಟಲಿ ಎತ್ತುತ್ತೀವಿ. ತುಟಿ ಒದ್ದೆ ಮಾಡ್ಕೊಂಡು ಇಳಿಸ್ತೀವಿ. ಕುಡಿದ್ರೆ ಬರುತ್ತಲ್ಲ."

ಆಯಮ್ಮ ಮುಂದಕ್ಕೆ ಬಾಗಿದಳು. "ನನ್ನ ಕೇಳಿದ್ರೆ ಬೀಗ ತೆಗೀತಿರಲಿಲ್ವೇನೇ ಮರಿ?"

"ನಿಂಗೆ ಸೊಂಟ ನೋವಲ್ವಾ ಅಜ್ಜಿ. ಒಬ್ಬಳು ಹೋದ್ರೂ ಪೂರ್ತಿ ತೊಳೀಬೇಕು." ಹುಡುಗಿಯ ಒಣ ತುಟಿಯಲ್ಲಿ ಸಣ್ಣ ಹೆಮ್ಮೆಯಿತ್ತು. "ನಾನು ಎಲ್ರಿಗೂ ಹೇಳಿದ್ದೀನಿ. ನಮ್ಮ ಕ್ಲಾಸಲ್ಲಿ ಯಾರೂ ಹೋಗಲ್ಲ."

ಡಾಕ್ಟರಮ್ಮ ಚೀಟಿ ಬರೆದರು. ಸೋಂಕು ಮೇಲಕ್ಕೆ ಏರಿ ಒಂದು ಮೂತ್ರಪಿಂಡ ಸೊರಗಿದೆ, ಅದು ಇನ್ನು ಸರಿಹೋಗುವುದಿಲ್ಲ. ಇನ್ನೊಂದನ್ನು ಉಳಿಸಿಕೊಳ್ಳಬೇಕಾದರೆ ಇವಳು ಗಂಟೆಗೊಮ್ಮೆ ನೀರು ಕುಡಿಯಬೇಕು, ಎರಡು ಗಂಟೆಗೊಮ್ಮೆ ಹೋಗಬೇಕು ಎಂದರು. ಅವರು ಹೋದ ಮೇಲೆ ಮಗಳು ದನಿ ಏರಿಸದೆ ಹೇಳಿದಳು: "ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಟಾಯ್ಲೆಟ್ ಟೋಕನ್ ಕೊಡೋವರೆಗೆ ನಾನು ಕಾಲು ಹೆಣೆದುಕೊಂಡು ಹೊಲಿಗೆ ಹಾಕ್ತೀನಿ. ಓದಿದ್ರೆ ಇವಳಿಗೆ ಆ ಪಾಡು ಇರಲ್ಲ ಅಂತ ಶಾಲೆಗೆ ಕಳಿಸಿದೆ. ಅಲ್ಲಿ ನೀನೇ ಸೂಪರ್‌ವೈಸರ್ ಆಗಿ ಕೂತಿದ್ದೀಯಲ್ಲಮ್ಮ."

ಆಯಮ್ಮ ಡಾಕ್ಟರಮ್ಮನ ಚೀಟಿ ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಮರುದಿನ ಆಯಮ್ಮ ಚೀಟಿಯನ್ನು ಹೆಡ್ ಮೇಡಂ ಮೇಜಿನ ಮೇಲಿಟ್ಟಳು. ಮೇಡಂ ಎರಡು ಸಲ ಓದಿದರು. ಕೆಟ್ಟವರಲ್ಲ, ಅವರ ಕಣ್ಣು ತುಂಬಿತು.

"ಮುಂದಿನ ತಿಂಗಳು ಮತ್ತೆ ಪರಿಶೀಲನೆ ಇದೆ ಆಯಮ್ಮ. ನಿಮ್ಮ ಮೊಮ್ಮಗಳಿಗೆ ಬೀಗ ತೆಗೀರಿ. ಚೀಟಿ ಇದೆಯಲ್ಲ, ಯಾರೂ ಏನೂ ಅನ್ನಲ್ಲ."

"ಉಳಿದವರ ಚೀಟಿ ಬರೋವರೆಗೆ ಕಾಯೋದಾ ಮೇಡಂ?"

"ನನ್ನ ಮೇಲೆ ಹಾಕಬೇಡಿ. ಬೀಗ ಹಾಕೋ ಯೋಚನೆ ಯಾರದು?"

"ನಂದೇ" ಎಂದಳು ಆಯಮ್ಮ. "ಅದಕ್ಕೇ ನಾನೇ ತೆಗೀತಿದ್ದೀನಿ."

ಮೇಡಂ ಕಿಟಕಿಯ ಕಡೆ ತಿರುಗಿದರು. ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ.

ಅಂದಿನಿಂದ ಬಾಗಿಲುಗಳು ತೆರೆದೇ ಇದ್ದವು. ಮೊದಲೆರಡು ದಿನ ಯಾರೂ ಬರಲಿಲ್ಲ. ಆಯಮ್ಮ ಒಂದೊಂದೇ ತರಗತಿಯ ಬಾಗಿಲಲ್ಲಿ ನಿಂತು, "ಹೋಗಿ ಬನ್ರೇ ತಾಯಂದಿರಾ, ನನ್ನ ಸೊಂಟಕ್ಕೇನೂ ಆಗಲ್ಲ, ಗಟ್ಟಿಯಾಗಿದೆ" ಎಂದಳು. ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಮೂರನೇ ದಿನ ಒಂದನೇ ತರಗತಿಯವರು ಬಂದರು, ವಾರ ಕಳೆಯುವಷ್ಟರಲ್ಲಿ ದೊಡ್ಡವರೂ ಬಂದರು. ಬಿಳಿ ನೆಲದ ತುಂಬ ಕೆಸರಿನ ಹೆಜ್ಜೆ. ಆಯಮ್ಮ ದಿನಕ್ಕೆ ನಾಲ್ಕು ಸಲ ನೀರು ಹೊತ್ತಳು. ನಡುನಡುವೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಉಸಿರು ಬಿಟ್ಟಳು. ಮನೆಯಲ್ಲಿ ಮಾತ್ರ ಒಂದು ಸಲವೂ ನರಳಲಿಲ್ಲ.

ಮೂರು ವಾರದ ಮೇಲೆ ಮೊಮ್ಮಗಳು ಶಾಲೆಗೆ ಬಂದಳು. ಯೂನಿಫಾರಂ ಭುಜದಿಂದ ಜಾರುತ್ತಿತ್ತು. ನೀರಿನ ಬೆಲ್ ಹೊಡೆದಾಗ ಅರ್ಧ ಬಾಟಲಿ ಕುಡಿದಳು. ಆಟದ ಬಿಡುವಿನಲ್ಲಿ ತಾನಾಗಿಯೇ ಕಟ್ಟಡದ ಹಿಂದಕ್ಕೆ ಹೋದಳು. ಆಯಮ್ಮ ಹೊರಗಿನ ಕಟ್ಟೆಯ ಮೇಲೆ ಕೂತು, ಒಳಗೆ ನೀರು ಸುರಿದ ಸದ್ದು ಕೇಳಿ ಕಣ್ಣು ಮುಚ್ಚಿದಳು. ಆದರೆ ಹುಡುಗಿ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ.

ಎದ್ದು ಹೋಗಿ ನೋಡಿದರೆ ಮೊಮ್ಮಗಳು ಮಂಡಿಯೂರಿ ಕೂತಿದ್ದಳು. ಕರವಸ್ತ್ರ ಒದ್ದೆ ಮಾಡಿಕೊಂಡು, ತನ್ನ ಹೆಜ್ಜೆ ಒರೆಸಿ ಮುಗಿಸಿ, ಉಳಿದವರ ಹೆಜ್ಜೆಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು.

"ಏಳು ಮರಿ. ಅದು ನನ್ನ ಕೆಲಸ."

"ಇನ್ನು ಸ್ವಲ್ಪ ಅಜ್ಜಿ. ನೀನು ಕೂತ್ಕೋ."

ಅಷ್ಟರಲ್ಲಿ ಸುತ್ತು ಬಂದ ಹೆಡ್ ಮೇಡಂ ಬಾಗಿಲಲ್ಲಿ ನಿಂತರು. ಅವರ ಮುಖ ಅರಳಿತು. ಮೊಬೈಲ್ ತೆಗೆದರು.

"ಇಂಥದ್ದೇ ನೋಡಿ ಆಯಮ್ಮ ನಮಗೆ ಬೇಕಾಗಿದ್ದು. ಎಷ್ಟು ಒಳ್ಳೆ ಅಭ್ಯಾಸ ಕಲಿಸಿದ್ದೀರಿ. ಪರಿಶೀಲನೆಗೆ ಬಂದವರಿಗೆ ಇದನ್ನೇ ತೋರಿಸೋಣ. ಎಲ್ಲಿ ಪುಟ್ಟ, ತಲೆ ಸ್ವಲ್ಪ ಮೇಲೆತ್ತು."

ಹುಡುಗಿ ತಲೆ ಎತ್ತಿದಳು. ಮೇಡಂ ಕಡೆ ನೋಡದೆ ಅಜ್ಜಿಯ ಕಡೆ ನೋಡಿ, ಸಂತೋಷವಾಯಿತೇ ಎಂದು ಕೇಳುವವಳಂತೆ ನಕ್ಕಳು.